ಉಚಿತ ಹಣಕಾಸು ಸಲಹೆ: ಅನುದಾನ ಮುಗಿದ ಮೇಲೆ ಉಳಿಯುವುದೇನು?

(ಹೆಗ್ಗಡದೇವನಕೋಟೆಯಲ್ಲಿ ರೈತರು, ಸ್ವಸಹಾಯ ಗುಂಪುಗಳ ಪ್ರತಿನಿಧಿಗಳು ಹಾಗೂ ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರಿಗಾಗಿ ಏರ್ಪಡಿಸಿದ್ದ ತರಬೇತಿಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಬೆಳೆಯ ಅಂತರ, ಬೀಜದ ಪ್ರಮಾಣ, ಗೊಬ್ಬರದ ಲೆಕ್ಕ ಹೇಳುವ ಮನುಷ್ಯ ಹಣಕಾಸಿನ ವಿಷಯ ಮಾತನಾಡಲು ನಿಂತಿದ್ದಾನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಇದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಹಳ್ಳಿಯಲ್ಲಿ ರೈತರೊಬ್ಬರ ಜಮೀನಿನಲ್ಲಿ ಹತ್ತಿಯ ಪ್ರಾತ್ಯಕ್ಷಿಕೆ ಹಾಕಿಸಿದ್ದೆ. ಅವರು ನಾನು ಹೇಳಿದ ಬೇಸಾಯ ಕ್ರಮಗಳನ್ನೆಲ್ಲ ಚಾಚೂ ತಪ್ಪದೆ ಅನುಸರಿಸಿದರು. ಇಳುವರಿ ಚೆನ್ನಾಗಿ ಬಂತು. ಕ್ಷೇತ್ರೋತ್ಸವ ನಡೆಸಿದೆವು, ಸುತ್ತಮುತ್ತಲ ರೈತರು ಬಂದು ನೋಡಿಹೋದರು. ಎರಡು ವರ್ಷಗಳ ನಂತರ ಅದೇ ದಾರಿಯಲ್ಲಿ ಹೋದಾಗ ಆ ಜಮೀನಿನಲ್ಲಿ ಬೇರೆಯವರು ಶುಂಠಿ ಬೆಳೆದಿದ್ದರು. ವಿಚಾರಿಸಿದರೆ, ಅವರು ಜಮೀನನ್ನು ಗುತ್ತಿಗೆಗೆ ಕೊಟ್ಟು ಅದರಲ್ಲೇ ಕೂಲಿಗೆ ಹೋಗುತ್ತಿದ್ದರು. ಗೊಬ್ಬರ, ಔಷಧಿಗಳನ್ನು ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯ ಮೇಲೆ ತಂದಿದ್ದರಂತೆ. ಬೆಳೆ ಬಂದಾಗ ಸಾಲ ಕೊಟ್ಟವರು ಹೇಳಿದ ಬೆಲೆಗೆ ಅವರಿಗೇ ಅಳೆದುಕೊಡಬೇಕಾಯಿತಂತೆ. ಅವರು ನನಗೆ ಹೇಳಿದ ಮಾತು ಇಷ್ಟೆ: “ಗೊಬ್ಬರ ಎಷ್ಟು ಹಾಕ್ಬೇಕು ಅಂತ ಹೇಳುದ್ರಿ ಸಾ, ದುಡ್ಡು ಎಲ್ಲಿಂದ ತರ್ಬೇಕು ಅಂತ ಹೇಳ್ನಿಲ್ಲ.”

ನನ್ನ ವರದಿಯಲ್ಲಿ ಆ ಪ್ರಾತ್ಯಕ್ಷಿಕೆ ಯಶಸ್ವಿ ಎಂದೇ ದಾಖಲಾಗಿತ್ತು. ಅಂದಿನಿಂದ ಹಣದ ಲೆಕ್ಕವಿಲ್ಲದ ಬೇಸಾಯದ ಸಲಹೆ ಅರ್ಧ ಸಲಹೆ ಎಂದು ತಿಳಿದಿದ್ದೇನೆ.

ಬಡ್ಡಿಯೂ ಒಂದು ಖರ್ಚು

ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ರೈತರು ಜೂನ್‌ನಲ್ಲಿ 20,000 ರೂಪಾಯಿಗಳ ಗೊಬ್ಬರ, ಔಷಧಿಗಳನ್ನು ಸಾಲವಾಗಿ ತಂದು ಡಿಸೆಂಬರ್‌ನಲ್ಲಿ ತೀರಿಸುತ್ತಾರೆಂದು ಇಟ್ಟುಕೊಳ್ಳಿ. ನೂರಕ್ಕೆ ತಿಂಗಳಿಗೆ ಐದು ರೂಪಾಯಿಯಂತೆ ಆರು ತಿಂಗಳಿಗೆ ಬಡ್ಡಿ 6,000 ರೂಪಾಯಿ. ಅದೇ ಹಣವನ್ನು ವರ್ಷಕ್ಕೆ ಶೇಕಡ 7ರ ಬೆಳೆಸಾಲವಾಗಿ ತೆಗೆದುಕೊಂಡರೆ ಆರು ತಿಂಗಳಿಗೆ ಬಡ್ಡಿ 700 ರೂಪಾಯಿ. ಸಕಾಲಕ್ಕೆ ತೀರಿಸಿದವರಿಗೆ ಇನ್ನೂ ರಿಯಾಯಿತಿ ಉಂಟು. ವ್ಯತ್ಯಾಸ 5,300 ರೂಪಾಯಿ. 2025-26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಸಾಲದ ಮೂಲ ಬದಲಾದರೆ ಸಾಕು, ಒಂದು ಕ್ವಿಂಟಾಲಿಗೂ ಹೆಚ್ಚು ರಾಗಿ ಮನೆಯಲ್ಲೇ ಉಳಿದಂತೆ. ಎಕರೆಗೆ ಒಂದು ಕ್ವಿಂಟಾಲ್ ಹೆಚ್ಚಿಸಲು ನಾವು ವಿಜ್ಞಾನಿಗಳು ಎಷ್ಟು ವರ್ಷ ಶ್ರಮಿಸುತ್ತೇವೆಂಬುದು ತಮಗೆ ತಿಳಿದಿದೆ.

ಇನ್ನೊಂದು ಲೆಕ್ಕ ಕಂತಿನ ಸಾಲದ್ದು. 12,000 ರೂಪಾಯಿ ಸಾಲ, ಬಡ್ಡಿ ವರ್ಷಕ್ಕೆ ಶೇಕಡ 12, ತಿಂಗಳಿಗೆ 1,120 ರೂಪಾಯಿಯಂತೆ ಹನ್ನೆರಡು ಕಂತು. ಕೇಳಲು ಶೇಕಡ 12. ಆದರೆ ಪ್ರತಿ ತಿಂಗಳೂ ತಾವು ಅಸಲಿನಲ್ಲಿ 1,000 ರೂಪಾಯಿ ಹಿಂದಿರುಗಿಸುತ್ತಿದ್ದೀರಿ. ಆರು ತಿಂಗಳಾದ ಮೇಲೆ ತಮ್ಮ ಬಳಿ ಉಳಿದಿರುವುದು ಅರ್ಧ ಸಾಲ, ಕಟ್ಟುತ್ತಿರುವುದು ಪೂರ್ತಿ ಸಾಲದ ಬಡ್ಡಿ. ಸರಿಯಾಗಿ ಲೆಕ್ಕ ಹಾಕಿದರೆ ಬಡ್ಡಿ ಶೇಕಡ 21ರಿಂದ 22 ಆಗುತ್ತದೆ.

ಈ ಲೆಕ್ಕಗಳು ಕಷ್ಟವಾದವುಗಳಲ್ಲ. ಕೂತು ಹೇಳಿಕೊಡುವವರು ಬೇಕು. ಪಟ್ಟಣದ ಶ್ರೀಮಂತರು ಇಂತಹ ಸಲಹೆಗೆ ಹಣ ಕೊಟ್ಟು ಸಲಹೆಗಾರರನ್ನು ಇಟ್ಟುಕೊಳ್ಳುತ್ತಾರೆ. ಎರಡು ಎಕರೆಯ ಒಣಭೂಮಿಯವರು, ಹಾಡಿಯಲ್ಲಿರುವ ಜೇನುಕುರುಬರು, ಕಾಡುಕುರುಬರು, ಯರವರು, ಕೂಲಿ ಮಾಡುವ ಹೆಣ್ಣುಮಕ್ಕಳು ಅಂತಹ ಶುಲ್ಕ ಕೊಡಲಾರರು. ಅವರಿಗೆ ಸಲಹೆ ಉಚಿತವಾಗಿಯೇ ಸಿಗಬೇಕು. ಆದರೆ ಸಲಹೆ ಕೊಡುವವರಿಗೂ ಹೊಟ್ಟೆಯಿದೆ, ಬಸ್ಸಿನ ಖರ್ಚಿದೆ. ಆ ಹಣವನ್ನು ಯಾರೋ ಕೊಡಲೇಬೇಕು. ಹಾಗೆ ಕೊಡುವ ಹಣವೇ ಅನುದಾನ. ಅದು ಎಲ್ಲಿಂದ ಬರುತ್ತದೆ, ಅದು ನಿಂತ ಮೇಲೆ ಏನು ಉಳಿಯಬೇಕು ಎಂಬುದೇ ಇಂದಿನ ವಿಷಯ.

ನಮ್ಮ ನಾಡಿನದೇ ಒಂದು ಉದಾಹರಣೆ

ಇದಕ್ಕೆ ದೂರದ ಉದಾಹರಣೆ ಬೇಡ. ಮೈರಾಡ ಸಂಸ್ಥೆಯ ಹೆಸರು ಕೋಟೆ ತಾಲ್ಲೂಕಿನವರಿಗೆ ಹೊಸದಲ್ಲ. ಟಿಬೆಟ್ಟಿನಿಂದ ಬಂದ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಪ್ರಾರಂಭವಾದ ಈ ಸಂಸ್ಥೆ ಮುಂದೆ ಗ್ರಾಮೀಣ ಬಡವರ ನಡುವೆ ಕೆಲಸ ಕೈಗೊಂಡು, ಈ ತಾಲ್ಲೂಕಿನಲ್ಲಿಯೂ ದುಡಿಯಿತು. ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಕೆಲವೆಡೆ ಒಡೆದುಹೋದವು. ಆಗ, ಅಂದರೆ 1984-85ರ ಸುಮಾರಿಗೆ, ಸದಸ್ಯರು ಪರಸ್ಪರ ನಂಬಿಕೆಯಿದ್ದವರೊಡನೆ ಸಣ್ಣ ಸಣ್ಣ ಗುಂಪುಗಳಾಗಿ ಬಂದು, ದೊಡ್ಡ ಸಂಘಕ್ಕೆ ಬೇಡ, ನಿಮಗೇ ಸಾಲ ಹಿಂದಿರುಗಿಸುತ್ತೇವೆ ಎಂದರು. ಸಂಸ್ಥೆಯವರು ಆ ಹಣವನ್ನು ಗುಂಪಿನಲ್ಲೇ ಇಟ್ಟುಕೊಂಡು ತಾವೇ ನಿರ್ವಹಿಸಿರಿ ಎಂದು ಸಲಹೆ ಮಾಡಿದರು. ಇಂದು ಊರೂರಿನಲ್ಲಿ ಕಾಣುವ ಸ್ವಸಹಾಯ ಗುಂಪುಗಳ ಬೇರುಗಳಲ್ಲಿ ಇದೂ ಒಂದು.

1987ರಲ್ಲಿ ನಬಾರ್ಡ್ ತನ್ನ ಸಂಶೋಧನೆ ಮತ್ತು ಅಭಿವೃದ್ಧಿ ನಿಧಿಯಿಂದ ಮೈರಾಡಕ್ಕೆ 10 ಲಕ್ಷ ರೂಪಾಯಿಗಳ ಅನುದಾನ ನೀಡಿತು. ಗುಂಪುಗಳಿಗೆ ತರಬೇತಿ ಕೊಡುವುದು ಮತ್ತು ಅವುಗಳ ಉಳಿತಾಯಕ್ಕೆ ಸರಿಸಮವಾಗಿ ಸ್ವಲ್ಪ ಹಣ ಸೇರಿಸುವುದು ಅದರ ಉದ್ದೇಶ. ತರಬೇತಿಯೆಂದರೆ ಸಭೆ ನಡೆಸುವುದು, ಲೆಕ್ಕ ಬರೆಯುವುದು, ಯಾರಿಗೆ ಸಾಲ ಕೊಡಬೇಕು, ಯಾವಾಗ ವಸೂಲಿ ಮಾಡಬೇಕು ಎಂದು ತಾವೇ ನಿರ್ಧರಿಸುವುದು. ಇಂತಹ ಗುಂಪುಗಳ ಅನುಭವದ ಮೇಲೆ 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ಮುಂದೆ ಅದು ಲಕ್ಷಾಂತರ ಗುಂಪುಗಳಿಗೆ ಹಬ್ಬಿತು.

ಆ 10 ಲಕ್ಷ ಖರ್ಚಾಗಿ ಎಷ್ಟೋ ಕಾಲವಾಯಿತು. ಆದರೆ ತಿಂಗಳಿಗೊಮ್ಮೆ ಚಾಪೆ ಹಾಸಿ ಕುಳಿತು ಪುಸ್ತಕ ತೆರೆಯುವ ಅಭ್ಯಾಸ ಉಳಿದಿದೆ. ಅನುದಾನವೆಂಬುದು ಸಸಿಮಡಿ ಇದ್ದ ಹಾಗೆ. ಮಡಿಯಲ್ಲಿ ನೀರು, ನೆರಳು ಕೊಟ್ಟು ಬೆಳೆಸುತ್ತೇವೆ. ಕಿತ್ತು ಹೊಲದಲ್ಲಿ ನೆಟ್ಟ ಮೇಲೆ ಬೇರು ಹಿಡಿಯದಿದ್ದರೆ ಮಡಿಗೆ ಮಾಡಿದ ಖರ್ಚೆಲ್ಲ ವ್ಯರ್ಥ.

ಇಂದು ಹಣ ಬರುವ ಮೂಲಗಳು

ಈಗ ಹಣಕಾಸು ಶಿಕ್ಷಣಕ್ಕೆ ದೊರೆಯುವ ಅನುದಾನದ ಮುಖ್ಯ ಮೂಲಗಳನ್ನು ತಿಳಿಯೋಣ.

1. ಮರೆತ ಠೇವಣಿಗಳ ಹಣ: ಹತ್ತು ವರ್ಷ ಯಾರೂ ಮುಟ್ಟದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸುತ್ತವೆ. ಈ ನಿಧಿ 2014ರಲ್ಲಿ ಸ್ಥಾಪನೆಯಾಯಿತು. ಹಣ ನಿಧಿಗೆ ಹೋದರೂ ಠೇವಣಿದಾರರ ಅಥವಾ ವಾರಸುದಾರರ ಹಕ್ಕು ಹೋಗುವುದಿಲ್ಲ. ದಾಖಲೆಗಳೊಡನೆ ಅದೇ ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು. ತಮ್ಮ ಅಜ್ಜನವರ ಹಳೆಯ ಪಾಸ್ ಪುಸ್ತಕವೇನಾದರೂ ಪೆಟ್ಟಿಗೆಯಲ್ಲಿದ್ದರೆ ಇಂದೇ ತೆಗೆದು ನೋಡಿರಿ.

2. ನಬಾರ್ಡಿನ ನಿಧಿ: ಬ್ಯಾಂಕಿನ ಸೌಲಭ್ಯ ತಲುಪದವರಿಗೆ ಅದನ್ನು ತಲುಪಿಸಲು ನಬಾರ್ಡಿನಲ್ಲಿ ಹಣಕಾಸು ಸೇರ್ಪಡೆ ನಿಧಿ ಎಂಬುದಿದೆ. ಆರ್ಥಿಕ ಸಾಕ್ಷರತೆಯ ಶಿಬಿರಗಳಿಗೆ ಇದರಿಂದ ನೆರವು ದೊರೆಯುತ್ತದೆ.

3. ಸಂಸ್ಥೆಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳು: ರಿಸರ್ವ್ ಬ್ಯಾಂಕು 2017ರಲ್ಲಿ ಪ್ರಾರಂಭಿಸಿದ ಈ ಯೋಜನೆಯಲ್ಲಿ ಬ್ಯಾಂಕುಗಳು ಪ್ರಾಯೋಜಕರು, ಕೆಲಸ ಮಾಡುವವರು ಸ್ವಯಂಸೇವಾ ಸಂಸ್ಥೆಗಳು. ಮೊದಲು 100 ಬ್ಲಾಕುಗಳಲ್ಲಿ ಪ್ರಯೋಗ ನಡೆಸಿ, ಅನಂತರ ಸುಮಾರು ಮೂರು ಬ್ಲಾಕುಗಳಿಗೆ ಒಂದು ಕೇಂದ್ರದಂತೆ ವಿಸ್ತರಿಸಲಾಯಿತು. ಮೇಲೆ ಹೇಳಿದ ಎರಡು ನಿಧಿಗಳೂ ಪ್ರಾಯೋಜಕ ಬ್ಯಾಂಕೂ ಇದರ ವೆಚ್ಚವನ್ನು ಹಂಚಿಕೊಳ್ಳುತ್ತವೆ. ಇದಲ್ಲದೆ ಬ್ಯಾಂಕುಗಳೇ ನಡೆಸುವ ಕೇಂದ್ರಗಳೂ ಇವೆ. ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ವಿಚಾರಿಸಿದರೆ ತಮಗೆ ಹತ್ತಿರದ ಕೇಂದ್ರ ಯಾವುದೆಂದು ತಿಳಿಯುತ್ತದೆ.

4. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಹಣ: 2013ರ ಕಂಪನಿ ಕಾಯಿದೆಯಂತೆ ನಿಗದಿತ ಮಟ್ಟಕ್ಕಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಗಳಿಗೆ ವಿನಿಯೋಗಿಸಬೇಕು. ಇದನ್ನು ಪಡೆಯಬಯಸುವ ಸಂಸ್ಥೆಗಳು 2021ರ ಏಪ್ರಿಲ್ 1ರಿಂದ ಕಂಪನಿ ವ್ಯವಹಾರಗಳ ಮಂತ್ರಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಆದಾಯ ತೆರಿಗೆಯ ನೋಂದಣಿ ಮತ್ತು ವರ್ಷ ವರ್ಷದ ಲೆಕ್ಕ ಪರಿಶೋಧನೆ ಸರಿಯಾಗಿರಬೇಕು.

ಸಲಹೆಗಾರರನ್ನು ಕೇಳಬೇಕಾದ ಮೂರು ಪ್ರಶ್ನೆಗಳು

ಉಚಿತವಾಗಿ ಬಂದುದೆಲ್ಲ ಒಳ್ಳೆಯದೆಂದು ಭಾವಿಸಬಾರದು. ಬೀಜದ ಚೀಲದ ಮೇಲೆ ಗುರುತಿನ ಚೀಟಿ ನೋಡಿ ಕೊಳ್ಳುವಂತೆ ಸಲಹೆಯನ್ನೂ ಪರೀಕ್ಷಿಸಿ ಸ್ವೀಕರಿಸಬೇಕು.

ಮೊದಲನೆಯದು: ನಿಮಗೆ ಸಂಬಳ ಕೊಡುವವರು ಯಾರು? ಇದನ್ನು ಕೇಳಲು ಸಂಕೋಚ ಬೇಡ. ಪ್ರಾಮಾಣಿಕರು ನೇರವಾಗಿ ಉತ್ತರಿಸುತ್ತಾರೆ.

ಎರಡನೆಯದು: ನೀವು ಏನನ್ನಾದರೂ ಮಾರುತ್ತೀರಾ? ವಿಮೆ, ಚೀಟಿ, ಸಾಲ ಇವುಗಳಲ್ಲಿ ಯಾವುದರಿಂದಲಾದರೂ ಕಮಿಷನ್ ಬರುವುದಾದರೆ ಅವರು ಹೇಳುವುದು ಸಲಹೆಯಲ್ಲ, ವ್ಯಾಪಾರ. 2009ರಲ್ಲಿ ರಿಸರ್ವ್ ಬ್ಯಾಂಕು ಸಾಲ ಸಮಾಲೋಚನಾ ಕೇಂದ್ರಗಳಿಗೆ ಮಾದರಿ ಯೋಜನೆ ರೂಪಿಸಿದಾಗ, ಕೇಂದ್ರಗಳು ತಮ್ಮನ್ನು ಸ್ಥಾಪಿಸಿದ ಬ್ಯಾಂಕಿನಿಂದ ದೂರ ಕಾಯ್ದುಕೊಳ್ಳಬೇಕು, ಆ ಬ್ಯಾಂಕಿನ ಯೋಜನೆಗಳ ಪ್ರಚಾರ ಮಾಡಬಾರದು ಎಂದು ತಿಳಿಸಿದ್ದುದು ಇದೇ ಕಾರಣಕ್ಕೆ.

ಮೂರನೆಯದು: ನೀವು ಹೋದ ಮೇಲೆ ನಮ್ಮೂರಲ್ಲಿ ಇದನ್ನು ಬಲ್ಲವರು ಯಾರು ಉಳಿಯುತ್ತಾರೆ? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅನುದಾನದ ಕೊನೆಯ ದಿನವೇ ಕೆಲಸದ ಕೊನೆಯ ದಿನವೂ ಆಗುತ್ತದೆ.

ಈ ಪ್ರಶ್ನೆಗಳ ಮಹತ್ವವನ್ನು ಇತ್ತೀಚಿನ ದಿನಗಳು ತೋರಿಸಿಕೊಟ್ಟಿವೆ. ಒಂದೇ ಮನೆಯವರು ಮೂರು ನಾಲ್ಕು ಕಡೆ ವಾರದ ಕಂತಿನ ಸಾಲ ಮಾಡಿ, ಒಂದರ ಕಂತಿಗೆ ಇನ್ನೊಂದು ಸಾಲ ತಂದು, ಕೊನೆಗೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಸಂಗತಿಗಳು ತಮಗೆ ತಿಳಿದಿವೆ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. 2022ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಿರುಸಾಲ ಪಡೆದ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಈ ಒಂದು ನಿಯಮವನ್ನು ಸಾಲಕ್ಕೆ ಸಹಿ ಹಾಕುವ ಮೊದಲೇ ಹೇಳಿಕೊಡುವವರು ಊರಲ್ಲಿ ಒಬ್ಬರಿದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಹಣದ ಪಂಚಾಂಗ

ಇನ್ನು ತಾವು ಮನೆಯಲ್ಲೇ ಮಾಡಬಹುದಾದ ಕೆಲಸ. ಒಂದು ನೋಟು ಪುಸ್ತಕದಲ್ಲಿ ಹನ್ನೆರಡು ತಿಂಗಳುಗಳನ್ನು ಬರೆದು, ಪ್ರತಿ ತಿಂಗಳಿಗೂ ಬರುವ ಹಣ, ಹೋಗುವ ಹಣ ಎಂದು ಎರಡು ಸಾಲು ಹಾಕಿರಿ. ಹೊಗೆಸೊಪ್ಪು ಬೆಳೆಯುವ ಮನೆಯನ್ನು ತೆಗೆದುಕೊಳ್ಳೋಣ. ಮೇ-ಜೂನ್‌ನಲ್ಲಿ ನಾಟಿ, ಗೊಬ್ಬರ. ಅದೇ ಜೂನ್‌ನಲ್ಲಿ ಮಕ್ಕಳ ಶಾಲೆಯ ಖರ್ಚು. ಅನಂತರ ಬ್ಯಾರನ್ನಿಗೆ ಸೌದೆ, ಸೊಪ್ಪು ಮುರಿಯುವ ಕೂಲಿ. ಗೌರಿ ಹಬ್ಬ ಬಂತು. ಇಷ್ಟೆಲ್ಲ ಆದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹರಾಜು ಮಾರುಕಟ್ಟೆ ತೆರೆದಾಗ ಹಣ ಕಾಣುತ್ತದೆ. ಖರ್ಚು ನಾಲ್ಕೈದು ತಿಂಗಳು ಮೊದಲು, ಆದಾಯ ನಂತರ, ಅದೂ ಒಮ್ಮೆಲೇ. ಸಾಲ ಹುಟ್ಟುವುದು ಈ ಅಂತರದಲ್ಲಿ. ಹಣ ಕರಗುವುದು ಒಮ್ಮೆಲೇ ಬಂದಾಗ.

ಆದ್ದರಿಂದ ಹರಾಜಿನ ಹಣ ಬಂದ ವಾರದಲ್ಲೇ ನಾಲ್ಕು ಕೆಲಸ ಮಾಡಿರಿ. ಮೊದಲು ಅತಿ ಹೆಚ್ಚು ಬಡ್ಡಿಯ ಸಾಲ ತೀರಿಸಿರಿ. ಎರಡನೆಯದಾಗಿ, ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಿ ರಿಯಾಯಿತಿ ಉಳಿಸಿಕೊಳ್ಳಿರಿ. ಮೂರನೆಯದಾಗಿ, ಬರುವ ಜೂನ್‌ನ ಗೊಬ್ಬರ ಮತ್ತು ಶಾಲೆಯ ಹಣವನ್ನು ಬೇರೆ ಖಾತೆಯಲ್ಲಿಡಿರಿ. ನಾಲ್ಕನೆಯದಾಗಿ, ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿಗೆ ದೊರೆಯುವ, ಅಪಘಾತದಲ್ಲಿ ಮರಣವಾದರೆ 2 ಲಕ್ಷ ರೂಪಾಯಿ ಕೊಡುವ ಪ್ರಧಾನಮಂತ್ರಿ ಸುರಕ್ಷಾ ವಿಮೆ ಜಾರಿಯಲ್ಲಿದೆಯೇ ಎಂದು ನೋಡಿಕೊಳ್ಳಿರಿ. ಉಳಿದ ಹಣದಲ್ಲಿ ಮನೆಯ ಇತರ ಖರ್ಚುಗಳನ್ನು ಯೋಚಿಸಬಹುದು.

ಈ ಪುಸ್ತಕವನ್ನು ಗಂಡ ಹೆಂಡತಿ ಇಬ್ಬರೂ ಕೂತು ಬರೆಯಬೇಕು. ಮನೆಗೆ ಬರುವ ಹಣ ಒಬ್ಬರಿಗೆ, ಇರುವ ಸಾಲ ಇನ್ನೊಬ್ಬರಿಗೆ ಮಾತ್ರ ಗೊತ್ತಿರುವ ಮನೆಯಲ್ಲಿ ಯಾವ ಯೋಜನೆಯೂ ನಡೆಯದು.

ಹಣವೇ ಇಲ್ಲದವರಿಗೆ ಯೋಜನೆ ಯಾಕೆ?

ಹಿಂದೊಮ್ಮೆ ಒಂದು ಹಾಡಿಯಲ್ಲಿ ಇದನ್ನೆಲ್ಲ ಹೇಳಿದಾಗ ಹಿರಿಯರೊಬ್ಬರು, “ದುಡ್ಡೇ ಇಲ್ದೋರ್‌ಗೆ ದುಡ್ಡಿನ್ ಲೆಕ್ಕ ಯಾಕೆ ಸಾಮಿ?” ಎಂದರು. ಪ್ರಶ್ನೆ ನ್ಯಾಯವಾದುದು. ಮಳೆ ಕೈಕೊಟ್ಟರೆ, ಆನೆ ಬೆಳೆ ತುಳಿದರೆ, ಬೆಲೆ ಬಿದ್ದರೆ, ಲೆಕ್ಕದ ಪುಸ್ತಕ ಅದನ್ನು ತುಂಬಿಕೊಡದು. ಬಡತನಕ್ಕೆಲ್ಲ ಲೆಕ್ಕ ಬಾರದಿರುವುದೇ ಕಾರಣವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಬಡವರು ಪ್ರತಿ ರೂಪಾಯಿಗೂ ಲೆಕ್ಕವಿಡುವವರೇ.

ಆದರೆ ಅದೇ ಹಾಡಿಯಲ್ಲಿ ಹಲವರು ಕಾಫಿ ಹಣ್ಣು ಬಿಡಿಸಲು ಕೊಡಗಿಗೆ ಹೋಗಲು ಮುಂಗಡ ಪಡೆದಿದ್ದರು. ಎಷ್ಟು ಪಡೆದಿದ್ದೇವೆ, ಎಷ್ಟು ದಿನದ ಕೂಲಿ ಅದಕ್ಕೆ ವಜಾ ಆಗಿದೆ ಎಂಬುದು ಬರವಣಿಗೆಯಲ್ಲಿ ಅವರ ಕೈಯಲ್ಲಿರಲಿಲ್ಲ. ಬರೆದುಕೊಂಡಿದ್ದವರು ಮುಂಗಡ ಕೊಟ್ಟವರು ಮಾತ್ರ. ಹಣ ಕಡಿಮೆ ಇದ್ದವರಿಗೇ ಲೆಕ್ಕ ಹೆಚ್ಚು ಬೇಕು. ಅವರಿಗೆ ನೂರು ರೂಪಾಯಿಯ ಮೋಸವೂ ಒಂದು ಹೊತ್ತಿನ ಊಟ. ಶಾಲೆಗೆ ಹೋಗುವ ಮಗಳು ದಿನವೂ ಒಂದು ಗೆರೆ ಎಳೆದಿಟ್ಟರೂ ಸಾಕು, ಅದು ಕೂಲಿಯ ದಾಖಲೆಯಾಗುತ್ತದೆ.

ಸ್ವಯಂಸೇವಾ ಸಂಸ್ಥೆಗಳಿಗೆ ಒಂದು ಮಾತು

ಅನುದಾನಕ್ಕೆ ಅರ್ಜಿ ಬರೆಯುವ ಮಿತ್ರರಲ್ಲಿ ನನ್ನ ವಿನಂತಿ. ಭಿತ್ತಿಪತ್ರ, ಶಾಮಿಯಾನಕ್ಕೆ ಹೆಚ್ಚು ಹಣ ಕೇಳಬೇಡಿರಿ. ಹಾಡಿ ಹಾಡಿಗೆ ಹೋಗಿ ಕೂರುವ ಕಾರ್ಯಕರ್ತರ ಸಂಬಳ, ಪ್ರಯಾಣ, ನೋಟು ಪುಸ್ತಕಗಳಿಗೆ ಕೇಳಿರಿ. ಎಷ್ಟು ಶಿಬಿರ ನಡೆಸಿದೆವು ಎಂಬುದು ಕೆಲಸದ ಅಳತೆಯಲ್ಲ. ಒಂದು ವರ್ಷದ ನಂತರವೂ ಎಷ್ಟು ಮನೆಗಳು ಪುಸ್ತಕ ಬರೆಯುತ್ತಿವೆ, ಎಷ್ಟು ಮನೆಗಳ ಹೆಚ್ಚು ಬಡ್ಡಿಯ ಸಾಲ ತೀರಿತು ಎಂಬುದನ್ನು ಎಣಿಸಿರಿ. ಅನುದಾನ ಎಷ್ಟು, ಯಾವ ದಿನ ಮುಗಿಯುತ್ತದೆ ಎಂಬುದನ್ನು ಮೊದಲ ಸಭೆಯಲ್ಲೇ ಜನರಿಗೆ ತಿಳಿಸಿರಿ. ಪ್ರತಿ ಊರಿನಲ್ಲೂ ಲೆಕ್ಕ ಬಲ್ಲ ಇಬ್ಬರು ಹೆಣ್ಣುಮಕ್ಕಳನ್ನು ತಯಾರು ಮಾಡುವುದನ್ನು ಮೊದಲ ವರ್ಷದ ಕೆಲಸವಾಗಿಡಿರಿ, ಕೊನೆಯ ತಿಂಗಳಿಗೆ ಬಿಡಬೇಡಿರಿ.

ನಾವು ವಿಶ್ವವಿದ್ಯಾನಿಲಯದವರಿಗೂ ಇದು ಅನ್ವಯಿಸುತ್ತದೆ. ಪ್ರಾತ್ಯಕ್ಷಿಕೆಯ ವರದಿಯಲ್ಲಿ ಇಳುವರಿಯ ಕಾಲಮ್ಮಿನ ಪಕ್ಕದಲ್ಲಿ ಸಾಲದ ಮೂಲ, ಬಡ್ಡಿ, ರೈತನ ಕೈಯಲ್ಲಿ ಉಳಿದ ಹಣ ಎಂಬ ಮೂರು ಕಾಲಮ್ಮುಗಳನ್ನು ನಾನು ಸೇರಿಸಿಕೊಂಡಿದ್ದೇನೆ. ಆ ಹತ್ತಿ ಬೆಳೆದ ರೈತರಿಗೆ ಇದರಿಂದ ಈಗ ಪ್ರಯೋಜನವಿಲ್ಲ. ಮುಂದಿನವರಿಗಾದರೂ ಆಗಲಿ.

ತಾವು ಮನೆಗೆ ಹೋಗಿ ಇಂದು ರಾತ್ರಿಯೇ ನೋಟು ಪುಸ್ತಕ ತೆಗೆದು ಹನ್ನೆರಡು ತಿಂಗಳ ಹೆಸರು ಬರೆದರೆ ನಾನು ಇಲ್ಲಿಗೆ ಬಂದದ್ದು ಸಾರ್ಥಕ.